ಎರಡಾಗುವ ಗೆರೆ

ಗೆರೆ ಎರಡಾಯಿತು, ಈಗ ತಾನೇ ಒಂದೇ ಇತ್ತಲ್ಲ, ನೀಲಿ ಬಟ್ಟೆಯ ಮೇಲೆ ತಾನೇ ಸೀಮೆಸುಣ್ಣದ ಬಿಲ್ಲೆಯಿಂದ ಎಳೆದ ಗೆರೆ, ಅವಳು ಕಣ್ಣು ಕಿರಿದು ಮಾಡಿದಳು, ಮತ್ತೆ ಒಂದು, ಹಾಂ, ಹಾಗೆ ದಾರಿಗೆ ಬಾ — ಇಪ್ಪತ್ತೆರಡು ವರ್ಷದಿಂದ ಈ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು, ಎಲ್ಲರ ಬಾಯಲ್ಲೂ ಕತ್ತರಿ ಅಕ್ಕ, ಹತ್ತೊಂಬತ್ತು ದಿನದಿಂದ ನೆಟ್ಟಗೆ ನಿದ್ದೆ ಮಾಡಿಲ್ಲ, ಅಷ್ಟೇ ತಾನೆ, ಕೈಯೇನೂ ಬಿದ್ದುಹೋಗಿಲ್ಲವಲ್ಲ, ಎಡರೆಪ್ಪೆ ಪಟಪಟ ಅದುರುತ್ತದೆ, ಅದುರಲಿ, ನಾಲಿಗೆಗೆ ತುಕ್ಕಿನ ರುಚಿ, ಮೈಯೆಲ್ಲ ಮರಳು ತುಂಬಿದ ಚೀಲ, ಡಾಕ್ಟರು ಹೇಳಿದ್ದರು, ನಿದ್ದೆಗೆಟ್ಟ ಮೆದುಳು ಹೇಳದೆ ಕೇಳದೆ ಒಂದು ಗಳಿಗೆ ಅಂಗಡಿ ಮುಚ್ಚಿಬಿಡತ್ತಮ್ಮ, ಕಣ್ಣು ತೆರೆದಿದ್ರೂ ನಿಮಗೆ ಗೊತ್ತೇ ಆಗಲ್ಲ, ತಂಗಿಯದು ಇನ್ನೊಂದು ಉಪದೇಶ, ಸುಮ್ನೆ ಕಣ್ಣು ಮುಚ್ಕೊಂಡು ಬಿದ್ಕೊಳೇ ಅಕ್ಕಾ ನಿದ್ದೆ ತಾನಾಗೇ ಬರತ್ತೆ, ಬರತ್ತಂತೆ, ನೆಂಟರು ನೋಡು! ನಿನ್ನೆಯದು ಮಾತ್ರ — ಥೂ, ನೆನೆದರೆ ಮೈ ಉರಿಯುತ್ತದೆ, ಕೋಟಿಗೆ ಎರಡೂ ಎಡತೋಳು, ತೋಳಿನ ಅಳತೆಯ ಕಾಗದವನ್ನು ಎರಡನೇ ಸಲ ಮಗುಚಿ ಹಾಕುವುದನ್ನೇ ಮರೆತಿದ್ದಳು, ಕಲಿಯಲು ಬಂದವರು ಮೊದಲ ವಾರ ಮಾಡುವ ತಪ್ಪು, ಯಾರೂ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು, ಯಜಮಾನ, ಅವಳ ಕಣ್ಣೆದುರೇ ಚಡ್ಡಿ ಹಾಕಿಕೊಂಡು ಓಡಾಡಿದವನು, ಮೆಲ್ಲಗೆ ಹೇಳಿದ, ನಾಳೆ ಇನ್ನೊಂದು ಕೋಟು ನೋಡೋಣ ಅಕ್ಕಾ, ಅದೂ ಕೆಟ್ರೆ ಕತ್ತರಿ ಬಿಡಿ, ಗುಂಡಿ ಹಾಕೋ ಕಡೆ ಕೂತ್ಕೊಳಿ. ಗುಂಡಿಯಂತೆ! ನಿನ್ನ ಮೊದಲನೇ ಅಂಗಿ ಕತ್ತರಿಸಿದವಳು ಯಾರಪ್ಪಾ ಎಂದು ಕೇಳಬೇಕಿತ್ತು.

ಮತ್ತೆ ಎರಡು. ಇವತ್ತಿನ ಕೋಟಿನ ಬೆನ್ನು ಆಯಿತು, ಮುಂಭಾಗ ಆಯಿತು, ತೋಳು ಉಳಿದಿದೆ, ಕಾಗದ ಮಗುಚಿದೆ, ಮೂರು ಸಲ ನೋಡಿದ್ದಾಳೆ, ಮೇಜಿನ ಮೇಲೆ ಮಧ್ಯಾಹ್ನದ ಬಿಸಿಲು, ಹೊಲಿಗೆ ಯಂತ್ರಗಳ ಸದ್ದು ದೂರ ದೂರ ಹೋಗಿ — ಕತ್ತರಿ ಬಾಯಿ ತೆರೆದು ನಿಂತಿದೆ, ಯಾವಾಗ ನಿಂತಿತು? ಗೆರೆ ದಾಟಲು ಒಂದು ಎಳೆಯಷ್ಟೇ ಬಾಕಿ. ಅಂದರೆ ಅಂಗಡಿ ಮುಚ್ಚಿತ್ತು, ಡಾಕ್ಟರು ಹೇಳಿದ್ದು ಇದೇ, ಈಗ ಬರ್ತೀಯಾ ನಿದ್ದೆ ಮಹಾರಾಯ್ತಿ, ಹತ್ತೊಂಬತ್ತು ದಿನ ಕೈಮುಗಿದು ಕರೆದರೂ ಬರದವಳು ಈಗ ಬರ್ತೀಯಾ? ಬಾ. ಆದರೆ ಈ ಕತ್ತರಿ ನಿನಗೂ ಕೊಡಲ್ಲ, ಆ ಯಜಮಾನನಿಗೂ ಕೊಡಲ್ಲ. ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಎಲ್ಲರೂ ನೋಡುತ್ತಿದ್ದಂತೆ ಮೇಜಿನ ಮೇಲೇ ಹತ್ತಿ ಕಾಲು ಚಾಚಿದಳು, ಅಯ್ಯೋ ಅಕ್ಕಾ ಇದೇನಿದು, ಯಜಮಾನ ಓಡಿ ಬಂದ, ತೋಳು ಆಮೇಲೆ ಕಣಪ್ಪ, ನಾನು ಎದ್ದಮೇಲೆ, ಅಲ್ಲೀವರೆಗೂ ಈ ಮೇಜನ್ನ ಯಾರೂ ಮುಟ್ಟಕೂಡದು, ಮುಚ್ಚಿದ ಕತ್ತರಿ ಎದೆಯ ಮೇಲೆ ತಣ್ಣಗೆ, ಕೆನ್ನೆಯ ಪಕ್ಕ ನೀಲಿ, ಬಿಳಿ ಗೆರೆ, ಎರಡು, ಎರಡು, ಒಂದು