ಕೊರ್ಲೇಕರರ ಮನೆಯ ತಾಮ್ರದ ಪರಾತ

ನಾನು ತಾಮ್ರದ ಒಂದು ಪರಾತ, ಎಂದರೆ ದೊಡ್ಡ ಹರಿವಾಣ. ಎರಡೂ ಕೈ ಚಾಚಿ ಹಿಡಿಯಬೇಕಾದಷ್ಟು ಅಗಲ, ಸುತ್ತ ಒಂದು ಗಟ್ಟಿ ಅಂಚು. ಹುಬ್ಬಳ್ಳಿಗೆ ರೈಲು ಬಂದು ಹತ್ತು ಹನ್ನೆರಡು ವರ್ಷವಾದಾಗ, ಅಲ್ಲಿನ ಪಾತ್ರೆ ಬಡಿಯುವವರ ಓಣಿಯಲ್ಲಿ ನಾನು ಹುಟ್ಟಿದೆ. ನನ್ನ ಒಡಲಿಗೆ ತವರದ ಕಲಾಯಿ ಹಾಕಿ ಬೆಳ್ಳಿಯಂತೆ ಹೊಳೆಸಿ ಅಂಗಡಿಯ ಮುಂದೆ ಒರಗಿಸಿದ್ದರು.

ನನ್ನನ್ನು ಕೊಳ್ಳಲು ಬಂದವನು ಹಸ್ಸಾಜಿ ಕೊರ್ಲೇಕರ್. ರೈಲ್ವೆ ಕಾರ್ಖಾನೆಯಲ್ಲಿ ಬಡಗಿ. ಕೊಂಕಣದ ಕಡಲ ದಂಡೆಯಿಂದ ಬಂದಿದ್ದ ಯೆಹೂದಿ. "ನಮ್ಮ ಮಂದಿ ಗಾಣದ ಕೆಲಸದವರು. ಶನಿವಾರ ಗಾಣ ಕಟ್ಟೂದಿಲ್ಲ ಅಂತ ಊರವರು ನಮಗ ಶನಿವಾರದ ಗಾಣಿಗರು ಅಂತಿದ್ರು" ಎಂದು ಅಂಗಡಿಯವನಿಗೆ ಹೇಳಿದ. ಹೇಳುವಾಗ ನಗುತ್ತಿದ್ದ. ಅವನಿಗೆ ಮಗ ಹುಟ್ಟಿದ್ದ. ಹಿಂದೆ ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಈ ಕೂಸು ಉಳಿದರೆ ಎಲಿಯಾಹು ಪ್ರವಾದಿಯ ಹೆಸರಿನಲ್ಲಿ ಮಲೀದಾ ಮಾಡುತ್ತೇನೆಂದು ಅವನ ಹೆಂಡತಿ ಸೆಗುಲಾಬಾಯಿ ಹರಕೆ ಹೊತ್ತುಕೊಂಡಿದ್ದಳು.

ಮಲೀದಾ ಎಂದರೆ ದೇವರ ಉಪಕಾರ ನೆನೆಯುವ ಊಟ. ತೊಯಿಸಿದ ಅವಲಕ್ಕಿ, ಹೆರೆದ ಕೊಬ್ಬರಿ, ಸಕ್ಕರೆ, ಏಲಕ್ಕಿ ಕಲಸಿ ನನ್ನಲ್ಲಿ ಗುಡ್ಡೆ ಮಾಡಿ, ಸುತ್ತ ಹಣ್ಣುಗಳನ್ನು ಇಟ್ಟರು. ಗಂಡಸರು ಹೀಬ್ರೂ ಹಾಡು ಹೇಳಿದರು. ಕೂಸಿಗೆ ಸಾಮಾಜಿ ಎಂದು ಹೆಸರಿಟ್ಟಿದ್ದರು. ನೆರೆಮನೆಯ ಚನ್ನವ್ವನೂ ಬಂದಿದ್ದಳು. ಅವಳ ಗಂಡ ಹತ್ತಿಯ ಗಿರಣಿಯಲ್ಲಿ ಕೆಲಸಕ್ಕಿದ್ದ, ಅವಳ ಮಡಿಲಲ್ಲೂ ಅಷ್ಟೇ ಎಳೆಯ ಒಂದು ಹೆಣ್ಣುಕೂಸು ಇತ್ತು.

ಆ ವರ್ಷವೇ ಊರಿಗೆ ಪ್ಲೇಗು ಬಂತು. ಜನರೆಲ್ಲ ಮನೆಗೆ ಬೀಗ ಹಾಕಿ ಊರ ಹೊರಗಿನ ಬಯಲಲ್ಲಿ ಗುಡಿಸಲು ಹಾಕಿಕೊಂಡರು. ನಾನೂ ಗಾಡಿಯಲ್ಲಿ ಕುಳಿತು ಹೋದೆ. ಅಲ್ಲಿ ಹಸ್ಸಾಜಿ ತೀರಿಕೊಂಡ. ಅವನ ಹಿಂದೆಯೇ ಸೆಗುಲಾಬಾಯಿಗೂ ಜ್ವರ ಏರಿತು.

ಒಂದು ಮಧ್ಯಾಹ್ನ ಅವಳು ತನ್ನ ಒಗೆದ ಸೀರೆಯನ್ನು ಮಡಚಿ ನನ್ನೊಳಗೆ ಹಾಸಿದಳು. ಅದರ ಮೇಲೆ ಮಗನನ್ನು ಮಲಗಿಸಿದಳು. ಮುದ್ದಿಡಲು ಬಾಗಿದವಳು ಹಾಗೇ ಹಿಂದೆ ಸರಿದಳು. ತನ್ನ ಉಸಿರು ಅವನಿಗೆ ತಾಗಬಾರದು ಎಂದು ಮುಖ ಆಚೆ ತಿರುಗಿಸಿ, ಕಾಲಿನಿಂದ ನನ್ನನ್ನು ಬಾಗಿಲಾಚೆ ದಬ್ಬಿದಳು. ಆಮೇಲೆ ಬಾಗಿಲ ತಟ್ಟಿಯನ್ನು ಎಳೆದುಕೊಂಡಳು. ನಾನು ಅವಳನ್ನು ಮತ್ತೆ ನೋಡಲಿಲ್ಲ.

ಕೂಸು ಬಿಸಿಲಿಗೆ ಚೀರತೊಡಗಿತು. ಹಾದುಹೋದವರು ಗುಡಿಸಲನ್ನು ನೋಡಿ ದೂರ ಸರಿದರು. ಬಾವಿಯ ದಾರಿಯಲ್ಲಿ ಚನ್ನವ್ವ ಬಂದಳು. ಅವಳ ಕೈಯಲ್ಲಿ ಕೊಡವಿರಲಿಲ್ಲ. ತುಸು ಹೊತ್ತು ನಿಂತಳು. ಆಮೇಲೆ ಕೂಸಿನ ಸಮೇತ ನನ್ನನ್ನು ಎತ್ತಿ ಸೊಂಟಕ್ಕೆ ಆನಿಸಿಕೊಂಡು ತನ್ನ ಗುಡಿಸಲಿಗೆ ನಡೆದಳು.

ಅವಳ ಅತ್ತೆ ಬಾಗಿಲಲ್ಲೇ ತಡೆದಳು. "ಯಾರ ಕೂಸ ತಂದ್ಯವ್ವಾ? ಕುಲ ಇಲ್ಲ, ಗೋತ್ರ ಇಲ್ಲ, ಮ್ಯಾಲೆ ಬ್ಯಾನಿ ಮನಿದು!"

"ಅಳಾಕತ್ತೈತ್ರಿ ಅತ್ತಿ. ಮೊದ್ಲ ಕುಡೀಲಿ, ಆಮ್ಯಾಲೆ ಕೇಳೂಣು" ಎಂದು ಚನ್ನವ್ವ ಕುಳಿತು ಸೆರಗು ಹೊದ್ದು ಹಾಲೂಡಿಸಿದಳು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಅವಳ ಮಡಿಲು ಎರಡು ದಿನದ ಹಿಂದೆ ಬರಿದಾಗಿತ್ತೆಂದು ನನಗೆ ಆಗ ತಿಳಿಯಿತು.

ಸಾಮಾಜಿ ಅವಳ ಮನೆಯಲ್ಲಿ ಬೆಳೆದ. ಅವಳನ್ನೇ ಅವ್ವ ಎಂದ. ಆದರೆ ಅವನು ಯಾರ ಮಗ ಎಂಬುದನ್ನು ಅವಳು ಮುಚ್ಚಿಡಲಿಲ್ಲ. ಸೆಗುಲಾಬಾಯಿ ಶುಕ್ರವಾರ ಸಂಜೆ ದೀಪ ಹಚ್ಚುವುದನ್ನು ಗೋಡೆಯಾಚೆಯಿಂದ ನೋಡಿದ್ದಳಲ್ಲ, ಅದನ್ನು ತಪ್ಪದೆ ಹಚ್ಚುತ್ತಿದ್ದಳು. ಶನಿವಾರ ಹುಡುಗನಿಗೆ ಒಂದು ಕಟ್ಟಿಗೆಯನ್ನೂ ಎತ್ತಲು ಬಿಡುತ್ತಿರಲಿಲ್ಲ. ಯಾಕೆ ಎಂದರೆ, "ಅವರವ್ವ ಬಿಡ್ತಿರಲಿಲ್ಲ" ಎನ್ನುತ್ತಿದ್ದಳು. ಮುಂದೆ ಅವಳಿಗೂ ಒಬ್ಬ ಮಗ ಹುಟ್ಟಿದ.

ಹುಡುಗನಿಗೆ ಏಳು ತುಂಬಿದಾಗ ಮುಂಬಯಿಯಿಂದ ಹಸ್ಸಾಜಿಯ ತಮ್ಮ ಎಲ್ಲೋಜಿ ಬಂದ. ಅಣ್ಣನ ಮನೆಯವರೆಲ್ಲ ತೀರಿಹೋದರೆಂದೇ ತಿಳಿದಿದ್ದನಂತೆ. ರೈಲ್ವೆಯವರೊಬ್ಬರಿಂದ ಸುದ್ದಿ ಮುಟ್ಟಿತಂತೆ. ಜಗಲಿಯ ಮೇಲೆ ಕುಳಿತು ಗಂಡಸು ಬಿಕ್ಕಿ ಬಿಕ್ಕಿ ಅತ್ತ. ಚನ್ನವ್ವ ಅಳಲಿಲ್ಲ. ನನ್ನನ್ನು ಕಲಾಯಿಗೆ ಕಳಿಸಿ ಹೊಳೆಸಿ ತರಿಸಿ, ಹುಡುಗನ ಬಟ್ಟೆಗಂಟಿನ ಜೊತೆ ಇಟ್ಟಳು.

"ಕರಕೊಂಡ ಹೋಗ್ರಿ ಅಣ್ಣಾರ. ನಿಮ್ಮ ದೇವರ ಹಾಡು ನನಗ ಬರೂದಿಲ್ಲ, ಅದನ್ನ ಕಲೀಲಿ. ಸಾಲಿಗೂ ಹಾಕ್ರಿ. ಆದ್ರ ಒಂದು ಮಾತು, ಬಿಸಿ ಅನ್ನ ತಣ್ಣಗ ಮಾಡಿ ಕೊಡಬೇಕ್ರಿ, ಇಲ್ಲಂದ್ರ ಬಾಯಿ ಸುಟ್ಕೋತಾನ."

ಗಾಡಿ ತಿರುವು ದಾಟುವ ತನಕ ಹುಡುಗ ನನ್ನ ಅಂಚನ್ನು ಹಿಡಿದುಕೊಂಡೇ ಕುಳಿತಿದ್ದ.

ಮುಂಬಯಿಯಲ್ಲಿ ಓದಿ ಡಾಕ್ಟರಾದ ಸಾಮಾಜಿ ಅಲ್ಲಿ ನಿಲ್ಲಲಿಲ್ಲ. ಹುಬ್ಬಳ್ಳಿಗೆ ಬಂದು ದವಾಖಾನೆ ತೆರೆದ. ಅವನ ಮದುವೆಯ ಮಲೀದಾದಲ್ಲಿ ಹಾಡು ಮುಗಿದು ಎಲ್ಲರೂ ಕೈಯೊಡ್ಡಿದ್ದರು. ಮದುಮಗ ಮಾತ್ರ ಬಾಗಿಲ ಕಡೆಗೇ ನೋಡುತ್ತಿದ್ದ. ಚನ್ನವ್ವ ಬಂದ ಮೇಲೆ ಮೊದಲ ತುತ್ತನ್ನು ಅವಳ ಅಂಗೈಗೆ ಇಟ್ಟ. "ಮೊದ್ಲ ನಿಮ್ಮ ಹಿರ್ಯಾರಿಗೆ ಕೊಡೋ" ಎಂದು ಅವಳು ಗದರಿದಳು. "ಅವರಿಗೇ ಕೊಡಾಕತ್ತೀನಿ" ಎಂದ ಅವನು.

ಕೊರ್ಲೇಕರ್ ಡಾಕ್ಟರರ ಹೆಸರು ಸುತ್ತಲಿನ ಹಳ್ಳಿಗಳಿಗೆಲ್ಲ ಹರಡಿತು. ಊರಿನ ಪುರಸಭೆಗೂ ಸಾಮಾಜಿ ಅಧ್ಯಕ್ಷನಾದ. ಹಿರಿಯ ಮಗ ರಹಮೀಮ ನ್ಯಾಯಾಧೀಶನಾದ. ಕಿರಿಯವನು ಸೈನ್ಯದಲ್ಲಿ ದೊಡ್ಡ ಹುದ್ದೆಗೇರಿದ. ಮಗಳು ಮಿಲ್ಕಾ ಹೆಣ್ಣುಮಕ್ಕಳ ಶಾಲೆಗೆ ಹೆಡ್ ಮಿಸ್ಟ್ರೆಸ್ ಆದಳು. ಪ್ರತಿ ಹುಟ್ಟಿಗೆ, ಮದುವೆಗೆ, ವಾಸಿಯಾದ ಕಾಯಿಲೆಗೆ ನಾನು ಅಟ್ಟದಿಂದ ಇಳಿಯುತ್ತಿದ್ದೆ. ಆಮೇಲೆ ಇಸ್ರೇಲ್ ದೇಶವಾಯಿತು. ಡಾಕ್ಟರರು ತೀರಿಕೊಂಡ ಮೇಲೆ ಗಂಡುಮಕ್ಕಳ ಕುಟುಂಬಗಳು ಒಂದೊಂದಾಗಿ ಹಡಗು ಹತ್ತಿದವು. ಅವರನ್ನು ಕಳಿಸಿಕೊಡುವಾಗಲೂ ಮಲೀದಾ. ಮಿಲ್ಕಾಬಾಯಿ ಹೋಗಲಿಲ್ಲ. "ಸಾಲಿ ಬಿಟ್ಟು ಎಲ್ಲಿ ಹೋಗ್ಲಿ?" ಎಂದಳು. ನಾನು ಅವಳ ಪಾಲಿಗೆ ಉಳಿದೆ. ಅದು ನನ್ನ ಪುಣ್ಯ.

ಅವಳ ತಲೆ ಪೂರ್ತಿ ಬೆಳ್ಳಗಾದ ಮೇಲೆ ರಹಮೀಮನ ಮೊಮ್ಮಗ ಯೋನಾ ಇಸ್ರೇಲಿನಿಂದ ಬಂದ. ಮನೆತನದ ವಂಶವೃಕ್ಷ ಬರೆಯುವ ಹುಮ್ಮಸ್ಸು ಅವನಿಗೆ. ದೊಡ್ಡ ಹಾಳೆಯನ್ನು ನೆಲಕ್ಕೆ ಹಾಸಿ, ತಮ್ಮ ಮನೆಮಾತಾದ ಮರಾಠಿಯನ್ನು ಮುರುಕಾಗಿ ಆಡುತ್ತ, ಅಜ್ಜಿಯನ್ನು ಕೇಳುತ್ತ ಗೆರೆ ಎಳೆಯುತ್ತಿದ್ದ.

"ಚನ್ನವ್ವ ಎಲ್ಲಿ?" ಎಂದಳು ಮಿಲ್ಕಾಬಾಯಿ.

"ಅಜ್ಜೀ, ಇದರಲ್ಲಿ ಹುಟ್ಟಿದವರು, ಮದುವೆಯಾಗಿ ಬಂದವರು ಮಾತ್ರ. ಅವರ ಬಗ್ಗೆ ಕೆಳಗೆ ಎರಡು ಸಾಲು ಬರೆಯುತ್ತೇನೆ."

"ಹಂಗಾರ ನನ್ನ ಹೆಸರನ್ನೂ ಕೆಳಗ ಬರಿ. ನಾನೂ ಆ ಎರಡು ಸಾಲಿನಾಗ ಇರ್ತೀನಿ." ಅವಳು ಮರಾಠಿಯನ್ನು ಬಿಟ್ಟು ಕನ್ನಡದಲ್ಲೇ ಹೇಳಿದಳು. ಶಾಲೆಯ ಗಂಟೆಯಂಥ ದನಿ. ಯೋನಾನಿಗೆ ಪದ ತಿಳಿಯದಿದ್ದರೂ ಸಿಟ್ಟು ತಿಳಿಯಿತು. ಅಂದು ಇಬ್ಬರೂ ಬೇರೆ ಬೇರೆ ಕುಳಿತು ಉಂಡರು.

ಮರುದಿನ ಅವನು ಯಾರಿಗೂ ಹೇಳದೆ ಊರೆಲ್ಲ ವಿಚಾರಿಸಿ ಒಬ್ಬ ಹೆಂಗಸನ್ನು ಕರೆತಂದ. ಚನ್ನವ್ವನ ಮೊಮ್ಮಗಳು ಗಿರಿಜವ್ವ. ಎರಡು ಮನೆಗಳ ಒಡನಾಟ ತಪ್ಪಿ ಬಹಳ ವರ್ಷವಾಗಿತ್ತು. ಮಿಲ್ಕಾಬಾಯಿ ಎದ್ದು ಅವಳ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಅಜ್ಜಿ ಉಪಕಾರ ನಾವು ಯಾವ ಜನ್ಮಕ್ಕ ತೀರಸ್ತೀವಿ ತಂಗಿ?"

ಗಿರಿಜವ್ವ ತಬ್ಬಿಬ್ಬಾದಳು. "ಅಯ್ಯ, ಅಜ್ಜಿ ಉಲ್ಟಾ ಹೇಳ್ತಿದ್ಲಲ್ರಿ ಅಕ್ಕಾರ! ಕೂಸನ್ನ ಮಣ್ಣ ಮಾಡಿ ಬಂದಾಕಿ ಬದುಕೂದು ಬ್ಯಾಡ ಅಂತ ಬಾವಿ ಕಡೆ ಹೊಂಟಿದ್ಲಂತ. ದಾರ್ಯಾಗ ಪರಾತದಾಗ ಕೂಸು ಅಳೂದು ಕೇಳಿಸ್ತಂತ. 'ಆ ಬಾಯಾರು ಮಗನ್ನ ಹೊರಗ ದಬ್ಬಿ ನನ್ನ ಜೀವಾ ಉಳಿಸಿದ್ರು' ಅಂತಿದ್ಲು. ನಮ್ಮಪ್ಪ ಹುಟ್ಟಿದ್ದು ಅದರ ಮ್ಯಾಲೆ. ನಾವೆಲ್ಲ ಇರೂದ ನಿಮ್ಮಿಂದ್ರಿ."

ಮಿಲ್ಕಾಬಾಯಿ ಗಿರಿಜವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಕೊಡವಿಲ್ಲದೆ ಬಾವಿಗೆ ಹೊರಟವಳನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ಅಷ್ಟು ವರ್ಷ ನನಗದು ಹೊಳೆದಿರಲಿಲ್ಲ.

ಯೋನಾ ಅಜ್ಜಿಯಿಂದ ಮಾತಿನ ಅರ್ಥ ಕೇಳಿ ತಿಳಿದುಕೊಂಡ. ಹಾಳೆಯ ಮೇಲೆ ಬಾಗಿ, ಸೆಗುಲಾಬಾಯಿಯ ಪಕ್ಕದಲ್ಲಿ ಚನ್ನವ್ವನ ಹೆಸರನ್ನು ಬರೆದ. ಇಬ್ಬರಿಂದಲೂ ಸಾಮಾಜಿಗೆ ಗೆರೆ ಎಳೆದ. ಚನ್ನವ್ವನಿಂದ ಇನ್ನೊಂದು ಗೆರೆ ಇಳಿಸಿ, "ನಿಮ್ಮ ತಂದೆಯ ಹೆಸರು ಹೇಳಿ" ಎಂದು ಅಜ್ಜಿಯ ಮೂಲಕ ಗಿರಿಜವ್ವನನ್ನು ಕೇಳಿದ. ಅವಳು ಹೇಳುತ್ತ ಹೋದಳು. ಹಾಳೆ ಸಾಲದೆ ಇನ್ನೊಂದನ್ನು ಅಂಟಿಸಬೇಕಾಯಿತು. ಮಿಲ್ಕಾಬಾಯಿ ಅವಲಕ್ಕಿ ತೊಯಿಸಲು ಎದ್ದಳು. ಗಿರಿಜವ್ವ ಸೆರಗು ಸಿಕ್ಕಿಸಿಕೊಂಡು ಕೊಬ್ಬರಿ ಹೆರೆಯಲು ಕುಳಿತಳು.

ಈಗ ನಾನು ಇಸ್ರೇಲಿನ ದಕ್ಷಿಣದ ಒಂದು ಮರಳುಗಾಡಿನ ಊರಲ್ಲಿ, ಯೋನಾನ ಅಡುಗೆಮನೆಯ ಗೋಡೆಯ ಮೇಲಿದ್ದೇನೆ. ಅವನ ಮದುವೆಗೆಂದು ಮಿಲ್ಕಾಬಾಯಿಯೇ ನನ್ನನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಳಿಸಿದಳು. ತಳ ತೆಳುವಾಗಿದೆ, ಅಂಚಿನಲ್ಲಿ ಒಂದು ಸೀಳು ಬಿಟ್ಟಿದೆ. ಇಲ್ಲಿ ಕಲಾಯಿ ಹಾಕುವವರಿಲ್ಲ. ಆದರೂ ಮನೆಯಲ್ಲಿ ಒಳ್ಳೆಯದಾದಾಗ ನನ್ನನ್ನು ಇಳಿಸುತ್ತಾರೆ, ಎಲೆ ಹಾಸಿ ಅದರ ಮೇಲೆ ಮಲೀದಾ ಬಡಿಸುತ್ತಾರೆ. ಮಕ್ಕಳು ಹಾಡು ಮುಗಿಯುವ ಮೊದಲೇ ಕೈ ಹಾಕಿ ಬೈಸಿಕೊಳ್ಳುತ್ತಾರೆ. ನನ್ನೊಳಗೆ ತುಂಬಿದ್ದು ಒಂದೂ ನನ್ನದಲ್ಲ. ಎಲ್ಲವೂ ಯಾರೋ ತಂದದ್ದು, ಇನ್ಯಾರೋ ತಿಂದದ್ದು. ನಡುವೆ ಹಿಡಿದುಕೊಂಡಿರುವಷ್ಟು ಕೆಲಸ ನನಗೆ ಸಿಕ್ಕಿತು. ನನಗೆ ಅಷ್ಟೇ ತುಂಬಾ ಆಯಿತು.