ಹೆದರ್‌ಶಾ ಮನೆಯ ಕೆಂಪು ಕಲ್ಲುಗಳು

ಇಂಗ್ಲೆಂಡಿನ ಉತ್ತರಕ್ಕೆ, ಸ್ಕಾಟ್ಲೆಂಡಿನ ಗಡಿಯಲ್ಲಿರುವ ನಮ್ಮ ಹೆದರ್‌ಶಾ ಕೋಟೆಮನೆಯಲ್ಲಿ ಈಗ ಉಳಿದಿರುವುದು ಆರಡಿ ದಪ್ಪದ ಮೂರು ಗೋಡೆ, ಮುರಿದ ಸುತ್ತುಮೆಟ್ಟಿಲು, ಮರದ ತೊಲೆ ಕೂರಿಸಿದ್ದ ತೂತುಗಳು. '1545ರಲ್ಲಿ ಸ್ಕಾಟರು ಸುಟ್ಟರು' ಎಂದು ಫಲಕ ಹೇಳುತ್ತದೆ. ನಮ್ಮ ಮನೆತನದವರು ಮನೆಯೊಳಗೆ ಹೇಳಿಕೊಳ್ಳುವುದು ಬೇರೆ.

ಆ ಅಕ್ಟೋಬರಿನ ಒಂದು ಬೆಳಿಗ್ಗೆ ಗಡಿಯ ಗುಡ್ಡದ ಮೇಲೆ ಎಚ್ಚರಿಕೆಯ ಬೆಂಕಿ ಕಂಡಿತು. ದಾಳಿಗೆ ಹೆದರಿ ಮನೆ ಬಿಡುವಾಗ ನಮ್ಮ ಕಡೆ ಒಂದು ಪದ್ಧತಿಯಿತ್ತು. ಜವುಗುನೆಲದಿಂದ ಕೊಯ್ದು ಒಣಗಿಸಿದ, ಉರುವಲಾಗಿ ಬಳಸುವ ಪೀಟ್ ಮಣ್ಣಿನ ಹೆಂಟೆಗಳನ್ನು ಕೆಳಗಿನ ಕೋಣೆಯಲ್ಲಿ ಒಟ್ಟಿ, ಕೆಂಡವಿಟ್ಟು, ಬಾಗಿಲು ಜಡಿಯುವುದು. ಗಾಳಿ ಸಿಗದ ಪೀಟ್ ಉರಿಯುವುದಿಲ್ಲ, ದಿನಗಟ್ಟಲೆ ಹೊಗೆಯಾಡುತ್ತದೆ. ಶತ್ರು ಒಳಗೆ ಕಾಲಿಡಲಾರ, ಮದ್ದಿಟ್ಟು ಸಿಡಿಸಲಾರ. ಮರಳಿ ಬಂದು ಆರಿಸಿಕೊಂಡರೆ ಮನೆ ಉಳಿದಿರುತ್ತದೆ.

ಆಗ ಮನೆಯಲ್ಲಿದ್ದವರು ಅಣ್ಣತಮ್ಮ ಇಬ್ಬರು, ಅವರ ಮುದಿ ತಾಯಿ. ತಮ್ಮ ಡ್ಯಾಂಡ್ ದನ ಹೊಡೆದುಕೊಂಡು ಮುಂದೆ ಹೋದ. ಅಣ್ಣ ಕತ್‌ಬರ್ಟ್ ಕೆಂಡವಿಟ್ಟು, ಬೀಗ ಹಾಕಿ, ಹಳ್ಳದ ಬಳಿ ಅವನನ್ನು ಕೂಡಿಕೊಂಡ.

"ಅವ್ವ ಎಲ್ಲಿ?" ಡ್ಯಾಂಡ್ ಕೇಳಿದ.

"ನಿನ್ನ ಜತೆ ಬಂದ್ಲಲ್ಲ?"

"ನನ್ನ ಜತೆನಾ? 'ನಿನ್ನ ಕುಂಟು ಕುದುರೆ ನಿನಗೇ ಇರ್ಲಿ, ದೊಡ್ಡೋನ ಜತೆ ಬರ್ತೀನಿ' ಅಂತ ಬೈದು, ಶಾಲು ತರೋಕೆ ಮಹಡಿ ಹತ್ತಿದ್ಲು."

"ಬೀಗ ಹಾಕೋ ಮುಂಚೆ ಕೂಗಿದ್ದೆ ಕಣೋ."

"ಅವಳಿಗೆ ಕಿವಿ ಕೇಳಿ ಎಷ್ಟು ವರ್ಷ ಆಯ್ತು?"

ಇಬ್ಬರೂ ಕುದುರೆಗಳನ್ನು ಹಿಂದಕ್ಕೆ ಓಡಿಸಿದರು. ಮಹಡಿಯ ಕಿಂಡಿಯಿಂದ ಹೊಗೆ ಬರುತ್ತಿತ್ತು. ಕಿಂಡಿ ಒಂದು ಗೇಣು ಅಗಲ. ಅದರಿಂದ ಬೂದು ಶಾಲಿನ ತುದಿ ಹೊರಗೆ ಬೀಸುತ್ತಿತ್ತು.

ಡ್ಯಾಂಡ್ ಅಣ್ಣನ ಕೈ ಹಿಡಿದ. "ಬಾಗಿಲು ತೆಗೆದ್ರೆ ಗಾಳಿ ನುಗ್ತದೆ. ನಾಲ್ಕು ತಲೆಮಾರಿನ ಮನೆ ಹೋಗ್ತದೆ, ಅವಳೂ ಉಳಿಯಲ್ಲ."

"ಶಾಲು ಆಡ್ತಿರೋದು ಕಾಣಲ್ವೇನೋ?"

"ಗಾಳಿಗೆ ಇರಬಹುದು, ಅಣ್ಣಾ."

ಕತ್‌ಬರ್ಟ್ ಬೀಗ ತೆಗೆದ. ಗಾಳಿ ಹೊಕ್ಕಿದ್ದೇ ಕೋಣೆ ಒಂದೇ ಸಲ ಹೊತ್ತಿತು. ಮೂರನೇ ಮೆಟ್ಟಿಲು ಮುಟ್ಟುವಷ್ಟರಲ್ಲಿ ಅವನ ಗಡ್ಡ, ಕೈ ಸುಟ್ಟವು. ಡ್ಯಾಂಡ್ ಸೊಂಟಪಟ್ಟಿ ಹಿಡಿದು ಹೊರಗೆಳೆದ. ಮಧ್ಯಾಹ್ನದೊಳಗೆ ಮಹಡಿ ಕುಸಿಯಿತು. ಆ ದಿನ ದಾಳಿಕಾರರು ಪಕ್ಕದ ಕಣಿವೆ ಹಿಡಿದು ಹೋಗಿದ್ದರು. ಹೆದರ್‌ಶಾ ಕಡೆಗೆ ಒಬ್ಬನೂ ಬರಲಿಲ್ಲ.

ನೆರೆಯವರು ಬಂದು ಕೇಳಿದಾಗ ಡ್ಯಾಂಡ್, "ಸ್ಕಾಟರು" ಎಂದ. ಕತ್‌ಬರ್ಟ್ ಅಲ್ಲವೆನ್ನಲಿಲ್ಲ.

ಹೋದ ವರ್ಷ ಪುರಾತತ್ವ ಇಲಾಖೆಯಿಂದ ಅಳತೆಗೆ ಬಂದಿದ್ದ ಅಧಿಕಾರಿ ಬಾಗಿಲ ಬಳಿ ನಿಂತ. ಹೊರಗಿನ ಕಲ್ಲು ಬೂದು, ಒಳಗಿನದು ಬೆಂಕಿಯಲ್ಲಿ ಬೆಂದು ಇಟ್ಟಿಗೆಯಷ್ಟು ಕೆಂಪು.

"ಹೊರಗಿಂದ ಸುಟ್ಟಿದ್ರೆ ಹಿಂಗಿರಲ್ಲ," ಎಂದ. "ನಿಮ್ಮೋರು ಏನಾದ್ರೂ ಹೇಳ್ತಿದ್ರಾ?"

"ಫಲಕದಲ್ಲಿ ಇದೆಯಲ್ಲ ಸಾರ್," ಎಂದೆ.