ಏಳನೇ ತಿರುವು

ಅಮ್ಮ ಮೊಮ್ಮಗಳ ಎರಡೂ ಬೂಟುಗಳನ್ನು ಬೀರುವಿನೊಳಗೆ ತಳ್ಳಿ ಬೀಗ ಹಾಕಿದಳು.

"ಮಗು ಆ ದಾರೀಲಿ ಬರೋದು ಬೇಡ. ನಾನೂ ಬರಲ್ಲ. ನೀನು ಬೇಕಾದ್ರೆ ಹೋಗು."

"ಅಪ್ಪನ್ನ ಮಣ್ಣು ಮಾಡೋದಕ್ಕೆ ನೀನೇ ಬರ್ದೆ ಇದ್ರೆ ಹೇಗಮ್ಮಾ?" ಎಂದಳು ಮಗಳು.

"ಇಲ್ಲಿಂದ್ಲೇ ಕಳಿಸಿಕೊಡ್ತೀನಿ. ನಲವತ್ತು ವರ್ಷ ದಿನಾ ಇಲ್ಲಿಂದ್ಲೇ ತಾನೆ ಕಳಿಸಿದ್ದು."

ಸ್ಮಶಾನವಿದ್ದದ್ದು ಬೆಟ್ಟದ ಬುಡದಲ್ಲಿ, ಹೊಳೆಯ ದಂಡೆಯಲ್ಲಿ. ಇಳಿಯಲು ಒಂದೇ ರಸ್ತೆ, ಹನ್ನೊಂದು ತಿರುವು. ಕಲ್ಲಿನ ಲಾರಿಯ ಭಾರಕ್ಕೆ ಏಳನೇ ತಿರುವಿನ ಅಂಚು ಕುಸಿದಿದೆಯೆಂದು ಬೆಳಿಗ್ಗೆ ಹಾಲಿನವನು ಹೇಳಿಹೋಗಿದ್ದ. ಮಧ್ಯಾಹ್ನ ರಸ್ತೆ ಮುಚ್ಚುತ್ತಾರಂತೆ.

ಪಡಸಾಲೆಯಲ್ಲಿ ನೆರೆಹೊರೆಯವರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ಬಸ್ಸು ಓಡಿಸೋದು ಬಿಟ್ಟು ಎಷ್ಟು ವರ್ಷ ಆದ್ರೂ ಅಡುಗೆಮನೆ ಮೂಲೆ ತಿರುಗೋವಾಗ ಬಾಯಲ್ಲೇ ಹಾರನ್ ಹೊಡೀತಿದ್ದ ಪುಣ್ಯಾತ್ಮ," ಎಂದಳು ಪಕ್ಕದ ಮನೆಯ ದರ್ಜಿ ಹೆಂಗಸು.

"ಹೆಂಡ್ತಿ ಎದುರು ಬಂದ್ರೆ ಮಾತ್ರ ಬ್ರೇಕು," ಎಂದ ಅವಳ ಗಂಡ. ಯಾರೋ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು.

ಮೊಮ್ಮಗಳು ಬರಿಗಾಲಲ್ಲಿ ಬಂದು ತಾಯಿಗೆ ಅಂಟಿಕೊಂಡಳು. "ಅಜ್ಜ ನಿಂಗೆ ಜಿಂಕೆ ತೋರಿಸಿದ್ದು ಆ ದಾರೀಲೇನಾ?"

"ಹ್ಞೂಂ ಪುಟ್ಟೀ. ಅದೇ ದಾರೀಲಿ."

*

ಮಗಳಿಗಾಗ ಆರು ವರ್ಷ. ಹೊಳೆ ತೋರಿಸುತ್ತೇನೆಂದು ಅಪ್ಪ ತನ್ನ ಬಸ್ಸಿನಲ್ಲೇ ತಾಯಿಮಗಳನ್ನು ಮುಂದೆ ಕೂರಿಸಿಕೊಂಡು ಹೊರಟಿದ್ದ. ಕಿಟಕಿಯಲ್ಲಿ ಕಾಡುಹೂವಿನ ವಾಸನೆ, ಆಳದಲ್ಲಿ ನೀರಿನ ಮಿನುಗು. ಅಮ್ಮ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು; ಅಮ್ಮ ಹಾಡಿದ್ದನ್ನು ಅವಳು ಕೇಳಿದ್ದು ಅದೇ ಕೊನೆ.

ಒಂದು ತಿರುವಿನಲ್ಲಿ ಬಸ್ಸು ಜಗ್ಗಿ ನಿಂತಿತು. ಅಪ್ಪ ಕತ್ತು ತಿರುಗಿಸದೆ ಮೆಲ್ಲಗೆ ಅಂದ: "ಜಿಂಕೆ! ಬೆಟ್ಟದ ಕಡೆ. ಎಲ್ರೂ ಈ ಬದಿ ಕಿಟಕಿಗೆ ಬನ್ನಿ. ಸದ್ದು ಮಾಡ್ಬೇಡಿ, ಓಡಿಹೋಗುತ್ತೆ."

ಇಡೀ ಬಸ್ಸು ಬೆಕ್ಕಿನ ಹೆಜ್ಜೆಯಲ್ಲಿ ಎದ್ದು ಬಂತು. ಯಾರದೋ ಮೊಣಕೈ ಕೆಳಗಿಂದ ಅವಳು ನೋಡಿದಳು. ಪೊದೆಯ ಮೇಲೆ ಎರಡು ಕೊಂಬು, ಒಂದು ಒದ್ದೆ ಕಣ್ಣು. ಅದು ಅವಳನ್ನೇ ನೋಡುತ್ತಿತ್ತು.

ಬಾಳಿನಲ್ಲಿ ಎಂಥ ಕಷ್ಟ ಬಂದರೂ ಅವಳು ಆ ದಿನದೊಳಕ್ಕೆ ಹೋಗಿ ಒಂದು ಗಳಿಗೆ ಕೂತು ಬರುತ್ತಿದ್ದಳು.

*

ಕೋಲೂರಿಕೊಂಡು ಒಳಬಂದ ಮುದಿ ಕಂಡಕ್ಟರನ ಕಿವಿಗೆ ಮಗುವಿನ ಮಾತು ಬಿದ್ದಿತ್ತು. ಅದೇ ಬಸ್ಸಿನಲ್ಲಿ ಅಪ್ಪನ ಜೊತೆ ದುಡಿದು ತಲೆ ಹಣ್ಣಾದವನು ಅವನು.

"ಹೇಳ್ಬೇಡಿ ಅಣ್ಣಾ," ಎಂದಳು ಅಮ್ಮ.

"ಇನ್ನೆಷ್ಟು ದಿನ ಮುಚ್ಚಿಡ್ತೀಯ ತಂಗೀ? ಮಗಳು ನಿನ್ನ ಕಲ್ಲುಮನಸ್ಸಿನವಳು ಅಂದ್ಕೋತಾಳೆ." ಅವನು ಮಗಳ ಕಡೆ ತಿರುಗಿದ. "ಜಿಂಕೆ ಇರ್ಲಿಲ್ಲಮ್ಮಾ. ಏಳನೇ ತಿರುವಲ್ಲಿ ಅಂಚು ಕುಸಿದು ಹಿಂದಿನ ಚಕ್ರ ಗಾಳೀಲಿತ್ತು. ನಿಜ ಹೇಳಿದ್ರೆ ಜನ ಬಾಗಿಲಿಗೆ ನುಗ್ತಿದ್ರು. ಬಾಗಿಲಿದ್ದದ್ದು ಕಣಿವೆ ಕಡೆ. ಭಾರ ಬೆಟ್ಟದ ಕಡೆ ಬೀಳ್ಲಿ ಅಂತ ಹಂಗಂದ. ನಾನು ಹಿಂದಿನ ಕಿಟಕೀಲಿ ಬಗ್ಗಿ ನೋಡ್ದೆ. ಕೆಳಗೆ ನೆಲಾನೇ ಕಾಣ್ಲಿಲ್ಲ."

"ಮತ್ತೆ ನಾನು ನೋಡಿದ್ದು..." ಎಂದಳು ಮಗಳು.

"ನೀವೆಲ್ಲ ಕಿಟಕಿ ನೋಡಿದ್ರಿ," ಎಂದಳು ಅಮ್ಮ. "ನಾನು ಕನ್ನಡೀಲಿ ನಿಮ್ಮಪ್ಪನ ಮುಖ ನೋಡ್ದೆ. ಅವತ್ತು ಕಣ್ಮುಚ್ಕೊಂಡು ವಾಪಸ್ ಹತ್ತಿ ಬಂದೋಳು ಮತ್ತೆ ಇಳಿದಿಲ್ಲ. ಅವರೋ, ಮಾರನೇ ದಿನಾನೇ ಸ್ಟೇರಿಂಗ್ ಹಿಡಿದ್ರು. ಸಂಜೆ ಹಾರನ್ ಕೇಳೋವರೆಗೂ ದಿನಾ ನನ್ನ ಜೀವ ನನ್ನದಾಗಿರ್ಲಿಲ್ಲ."

ಮಗಳು ಒದ್ದೆ ಕಣ್ಣನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. ಬರಲಿಲ್ಲ. ಅದಿದ್ದ ಜಾಗದಲ್ಲಿ ಚಕ್ರವೊಂದು ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿತ್ತು. ಹೊರಗೆ ಶವದ ವ್ಯಾನಿನ ಎಂಜಿನ್ ಶುರುವಾದಾಗ ಅವಳ ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

"ಅಮ್ಮಾ, ನಂಗೂ ಆಗಲ್ಲ."

ಅಮ್ಮ ಅವಳನ್ನು ನೋಡಿದಳು. ಕಂಡಕ್ಟರನ ಊದಿದ ಕಾಲು ನೋಡಿದಳು. ಅಂಗಳದಲ್ಲಿ ವ್ಯಾನಿನ ಹಿಂಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಹಾಗಾದ್ರೆ ಅವರ ಜೊತೆ ಯಾರು?" ಎಂದಳು. ಉತ್ತರಕ್ಕೆ ಕಾಯದೆ, ಮಗುವನ್ನು ದರ್ಜಿ ಹೆಂಗಸಿನ ಮಡಿಲಿಗೆ ಹಾಕಿ ಅಂಗಳಕ್ಕಿಳಿದಳು. ಒಂದು ಕ್ಷಣ ತಡೆದು ಮಗಳೂ ಅವಳ ಹಿಂದೆ ಓಡಿದಳು.

ಇಬ್ಬರನ್ನೂ ಕೂರಿಸಿಕೊಂಡು ವ್ಯಾನು ಆರು ತಿರುವು ಇಳಿಯಿತು. ಏಳನೆಯದರಲ್ಲಿ ಡ್ರೈವರ್ ವ್ಯಾನು ನಿಲ್ಲಿಸಿದ. ಕುಸಿದು ಉಳಿದ ರಸ್ತೆ ವ್ಯಾನಿನಷ್ಟೇ ಅಗಲ.

"ಅಂಚು ಗಟ್ಟಿ ಇದೆಯೋ ಇಲ್ವೋ ಇಲ್ಲಿಂದ ಕಾಣಲ್ಲ ತಾಯೀ. ವಾಪಸ್ ಹೋಗೋಣ್ವಾ?"

ಅಮ್ಮ ಬಾಗಿಲು ತೆಗೆದು ಇಳಿದಳು. ವ್ಯಾನಿನ ಮುಂದೆ, ಕಣಿವೆಯ ಬದಿಗೇ, ಇಳಿಜಾರಿಗೆ ಬೆನ್ನು ಮಾಡಿ ಅಮ್ಮ ನಿಂತಳು. ಒಂದು ಹಿಮ್ಮಡಿ ಹಿಂದಿಟ್ಟು, ಒತ್ತಿ ನೋಡಿ, ಮೈಭಾರ ಬಿಟ್ಟಳು. ಸಣ್ಣ ಕಲ್ಲೊಂದು ಉರುಳಿ ಹೋಯಿತು. ಅದು ತಳ ಮುಟ್ಟಿದ ಸದ್ದು ಬರಲೇ ಇಲ್ಲ.

ಅಮ್ಮ ಕೈ ಮೇಲೆತ್ತಿದಳು. ಅವಳ ಕಣ್ಣು ಡ್ರೈವರನ ಮೇಲಿರಲಿಲ್ಲ. ಅವನ ಬೆನ್ನ ಹಿಂದೆ ಅಪ್ಪನಿದ್ದ ಪೆಟ್ಟಿಗೆಯ ಮೇಲಿತ್ತು.

"ಬನ್ನಿ," ಎಂದು ಕೈಬೀಸಿ ಕರೆಯುತ್ತ ಇನ್ನೊಂದು ಹೆಜ್ಜೆ ಹಿಂದಕ್ಕಿಟ್ಟಳು. "ಬನ್ನಿ... ಬನ್ನಿ..."